ಸಕ್ಕರೆ, ಸಂಕಲ್ಪ, ಸತ್ಸಂಗ

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ಶುರುವಾದ ಯೋಗಶಾಲೆ 1950ರಲ್ಲಿ ಬಾಗಿಲು ಹಾಕಿತು. ಅಲ್ಲಿ ಪಾಠ ಹೇಳುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರಿಗೆ ಆಗ ಅರವತ್ತು ದಾಟಿತ್ತು. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದವರು ಅವರು. ಹೊಟ್ಟೆಪಾಡಿಗಾಗಿ ಕೆಲಕಾಲ ಹಾಸನದ ಕಡೆ ಕಾಫಿ ತೋಟದಲ್ಲೂ ದುಡಿದಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಸಿಕ್ಕ ಮೇಲೆ, 1934ರಲ್ಲಿ, ಕನ್ನಡದಲ್ಲೇ ‘ಯೋಗ ಮಕರಂದ’ ಬರೆದರು. ಶಾಲೆ ಮುಚ್ಚಿದ ಎರಡು ವರ್ಷಕ್ಕೆ ಮದರಾಸಿನಿಂದ ಕರೆ ಬಂತು. ಹೆಸರಾಂತ ನ್ಯಾಯವೇತ್ತರೊಬ್ಬರಿಗೆ ಪಾರ್ಶ್ವವಾಯು ಬಡಿದಿತ್ತು. ಅವರ ಆರೈಕೆಗೆಂದು ಹೋದ ಆಚಾರ್ಯರು ಆ ಊರಿನಲ್ಲೇ ನೆಲೆನಿಂತು, ನೂರು ತುಂಬಿದ ಮೇಲೆ 1989ರಲ್ಲಿ ತೀರಿಕೊಂಡರು.

ಮೈಸೂರಿನಲ್ಲಿ ಅವರ ಮುಂದೆ ನಿಂತವರು ಎಳೆಯ ಹುಡುಗರು. ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಅಂಥವರು ಅಲ್ಲಿ ಬೆವರಿಳಿಸಿ ಕಲಿತರು. ಮದರಾಸಿನಲ್ಲಿ ಬಾಗಿಲು ತಟ್ಟಿದವರು ಬೇರೆ ತರಹದವರು: ಮಧ್ಯವಯಸ್ಸು ದಾಟಿದ ಗೃಹಸ್ಥರು, ಸೊಂಟನೋವಿನವರು, ಬೀಪಿಯವರು, ಸಕ್ಕರೆ ಕಾಯಿಲೆಯವರು. ಆಚಾರ್ಯರು ಪಾಠವನ್ನೇ ಬದಲಿಸಿದರು. ವಯಸ್ಸು, ಕಾಯಿಲೆ, ಕಸುಬು ನೋಡಿ ಒಬ್ಬೊಬ್ಬರಿಗೆ ಒಂದೊಂದು ಅಭ್ಯಾಸ. ಉಸಿರಿನ ಜೊತೆ ಜಪ ಬೇಕಾದರೆ ಅವರವರ ಇಷ್ಟದೈವದ ಹೆಸರು. ಸ್ವತಃ ನಿಷ್ಠಾವಂತ ಶ್ರೀವೈಷ್ಣವರಾಗಿದ್ದರೂ ತಮ್ಮ ದೇವರನ್ನು ಶಿಷ್ಯರ ಮೇಲೆ ಹೇರಲಿಲ್ಲ. ಮೈಸೂರಿನಲ್ಲಿ ಹುಟ್ಟಿ ಎಂಜಿನಿಯರಿಂಗ್ ಓದಿದ ಮಗ ಟಿ.ಕೆ.ವಿ. ದೇಶಿಕಾಚಾರ್ ಈ ಪದ್ಧತಿಯನ್ನು ಮುಂದುವರಿಸಿ 1976ರಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರ ಕಟ್ಟಿದರು. ಅದು ಇರುವುದು ಮಂದವೆಳಿಯಲ್ಲಿ, ಅಡ್ಯಾರ್ ನದಿಯ ಉತ್ತರಕ್ಕೆ. ಅದೇ ಬದಿಯ ಗ್ರೀನ್‌ವೇಸ್ ರಸ್ತೆಯಲ್ಲಿ ಜಿಡ್ಡು ಕೃಷ್ಣಮೂರ್ತಿಯವರ ವಸಂತ ವಿಹಾರವಿದೆ. ಯಾವ ಗುರುವನ್ನೂ ಒಪ್ಪದ ಕೃಷ್ಣಮೂರ್ತಿ ಕೂಡ ದೇಶಿಕಾಚಾರರಿಂದ ಆಸನ, ಪ್ರಾಣಾಯಾಮ ಹೇಳಿಸಿಕೊಂಡರು. ನದಿಯ ದಕ್ಷಿಣ ದಡದಲ್ಲಿ 1882ರಲ್ಲಿ ನೆಲೆ ಕಂಡ ಥಿಯೊಸಾಫಿಕಲ್ ಸೊಸೈಟಿಯ ವಿಶಾಲ ತೋಟ. ಅದರೊಳಗೆ ಹಲವು ಧರ್ಮಗಳ ಪುಟ್ಟ ಗುಡಿಗಳು ಒಂದೇ ನೆರಳಿನಲ್ಲಿವೆ.

ಹೀಗೆ ನಂಬಿಕೆಯೂ ದೇಹಸಾಧನೆಯೂ ಬಹುಕಾಲದಿಂದ ಅಕ್ಕಪಕ್ಕ ಬಾಳಿದ ನೆರೆಹೊರೆ ಇದು. ಮದರಾಸು ಎನಿಸಿಕೊಂಡಿದ್ದ ಇದೇ ಚೆನ್ನೈ ಭಾರತದ ಮಧುಮೇಹ ಸಂಶೋಧನೆಯ ತವರು ಕೂಡ. 1948ರಲ್ಲಿ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಮಧುಮೇಹಕ್ಕೆಂದೇ ವಿಭಾಗ ತೆರೆದ ಡಾ. ಎಂ. ವಿಶ್ವನಾಥನ್ 1954ರಲ್ಲಿ ರಾಯಪುರಂನಲ್ಲಿ ತಮ್ಮ ಆಸ್ಪತ್ರೆ ಕಟ್ಟಿದರು. ಅವರ ಮಗ ಡಾ. ವಿ. ಮೋಹನ್ ಮತ್ತು ಡಾ. ಆರ್.ಎಂ. ಅಂಜನಾ ಅವರ ತಂಡ ಐಸಿಎಂಆರ್ ಜೊತೆ ನಡೆಸಿದ ದೇಶವ್ಯಾಪಿ ಸಮೀಕ್ಷೆಯ ಅಂಕಿಗಳು 2023ರಲ್ಲಿ ಪ್ರಕಟವಾದವು. ಭಾರತದಲ್ಲಿ ಮಧುಮೇಹಿಗಳು ಸುಮಾರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ.

ಈ ಅಧ್ಯಾಯ ಆ ಹೊಸ್ತಿಲಿನವರ ಕುರಿತದ್ದು. ‘ಬಾರ್ಡರ್‌ಲೈನ್ ಶುಗರ್ ಅಷ್ಟೇ’ ಎಂದು ಮನೆಯವರಿಗೆ ಹೇಳಿ, ವರದಿಯನ್ನು ಬೀರುವಿನೊಳಗೆ ಇಟ್ಟುಬಿಡುವವರು ಇವರು. ಕಾಯಿಲೆ ಇನ್ನೂ ಬಂದಿಲ್ಲ, ಆದ್ದರಿಂದ ಆಸ್ಪತ್ರೆಗೆ ಹೋಗುವ ಕಾರಣವಿಲ್ಲ. ಆದರೆ ಒಳಗೆ ಕೆಲಸ ಕೆಡಲು ಶುರುವಾಗಿದೆ. ಊಟದ ಸಕ್ಕರೆಯನ್ನು ಮಾಂಸಖಂಡಗಳೊಳಗೆ ಸೇರಿಸಬೇಕಾದ ಇನ್ಸುಲಿನ್ನಿಗೆ ಮೊದಲಿನ ಹಿಡಿತವಿಲ್ಲ. ಅದನ್ನು ಸರಿತೂಗಿಸಲು ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ, ಕೆಲವು ವರ್ಷಗಳಲ್ಲಿ ದಣಿಯುತ್ತದೆ. ಈ ನಡುವೆ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಟ್ರೈಗ್ಲಿಸರೈಡ್ ಏರುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಇಳಿಯುತ್ತದೆ, ಬೀಪಿ ಮೇಲಕ್ಕೆ ಹೋಗುತ್ತದೆ. ಇವೆಲ್ಲ ಒಟ್ಟಾಗಿ ಬರುವುದನ್ನೇ ವೈದ್ಯರು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಭಾರತೀಯರಲ್ಲಿ ಇದು ತೆಳ್ಳಗಿನವರನ್ನೂ ಬಿಡುವುದಿಲ್ಲ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಅದಕ್ಕೇ ನಮ್ಮವರಿಗೆ ಸೊಂಟದ ಸುತ್ತಳತೆಯ ಮಿತಿ ಬೇರೆ: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80.

ಅಪಾಯ ಯಾರಿಗಿದೆ ಎಂದು ತಿಳಿಯಲು ರಕ್ತವನ್ನೇ ತೆಗೆಯಬೇಕೆಂದಿಲ್ಲ. ಡಾ. ಮೋಹನ್ ಅವರ ತಂಡ 2005ರಲ್ಲಿ ಕೊಟ್ಟ ಭಾರತೀಯ ಮಧುಮೇಹ ಅಪಾಯಾಂಕಕ್ಕೆ ದರ್ಜಿಯ ಟೇಪು ಮತ್ತು ಮೂರು ಪ್ರಶ್ನೆ ಸಾಕು. 48 ವರ್ಷದ ಬ್ಯಾಂಕ್ ಅಧಿಕಾರಿಯೊಬ್ಬರನ್ನು ತೆಗೆದುಕೊಳ್ಳಿ. ವಯಸ್ಸಿಗೆ 20 ಅಂಕ. ಸೊಂಟ 96 ಸೆಂಟಿಮೀಟರ್, ಅದಕ್ಕೆ 10. ಕುರ್ಚಿಯ ಕೆಲಸ, ವ್ಯಾಯಾಮವಿಲ್ಲ, ಅದಕ್ಕೆ 30. ತಾಯಿಗೆ ಸಕ್ಕರೆ ಕಾಯಿಲೆ ಇತ್ತು, ಅದಕ್ಕೆ 10. ಒಟ್ಟು 70. ಅರವತ್ತು ಮುಟ್ಟಿದರೆ ಅಪಾಯ ಹೆಚ್ಚು. ಈ ಲೆಕ್ಕದಲ್ಲಿ ವಯಸ್ಸು ಮತ್ತು ತಾಯಿ ಬದಲಾಗುವಂಥವಲ್ಲ. ಆದರೆ ಅವರು ನಿತ್ಯ ವ್ಯಾಯಾಮ ಹಿಡಿದು ಸೊಂಟವನ್ನು 90ರ ಒಳಗೆ ತಂದರೆ ಅಂಕ 50ಕ್ಕೆ ಇಳಿಯುತ್ತದೆ, ಮಧ್ಯಮ ಅಪಾಯದ ಸಾಲಿಗೆ ಬರುತ್ತಾರೆ.

ಇಳಿಸುವುದು ಸಾಧ್ಯ ಎಂಬುದಕ್ಕೆ ಅತ್ಯುತ್ತಮ ಭಾರತೀಯ ಪುರಾವೆ ಚೆನ್ನೈಯದೇ. ಡಾ. ಎ. ರಾಮಚಂದ್ರನ್ ಅವರ ತಂಡದ ಭಾರತೀಯ ಮಧುಮೇಹ ತಡೆ ಕಾರ್ಯಕ್ರಮ 531 ಮಂದಿಯನ್ನು ನಾಲ್ಕು ಗುಂಪು ಮಾಡಿತು. ಮಾಮೂಲಿ ಸಲಹೆ ಪಡೆದ ಗುಂಪಿನಲ್ಲಿ ಮೂರು ವರ್ಷದೊಳಗೆ ನೂರಕ್ಕೆ 55 ಮಂದಿಗೆ ಮಧುಮೇಹ ಬಂತು. ಊಟ ತಿದ್ದಿ, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆದವರಲ್ಲಿ 39. ಮೆಟ್‌ಫಾರ್ಮಿನ್ ಮಾತ್ರೆ ತಿಂದವರಲ್ಲಿ 40ರ ಆಸುಪಾಸು. ಎರಡನ್ನೂ ಮಾಡಿದವರಿಗೆ ಹೆಚ್ಚುವರಿ ಲಾಭವೇನೂ ಸಿಗಲಿಲ್ಲ. 2006ರಲ್ಲಿ ಈ ಫಲಿತಾಂಶ ಹೊರಬಂದಾಗ ಒಂದು ಸಂಗತಿ ಎಲ್ಲರ ಕಣ್ಣಿಗೆ ಬಿತ್ತು. ನಡೆದವರ ತೂಕ ಇಳಿದಿರಲೇ ಇಲ್ಲ. ಆದರೂ ಕಾಯಿಲೆ ಹಿಂದೆ ಸರಿದಿತ್ತು.

ಅದು ಹೇಗೆ? ದುಡಿಯುವ ಮಾಂಸಖಂಡ ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಅದರ ಒಳಗಿರುವ ಗ್ಲುಟ್-4 ಎಂಬ ಸಾಗಣೆ ಪ್ರೋಟೀನು ನಡಿಗೆಯ ಸೆಳೆತಕ್ಕೇ ಜೀವಕೋಶದ ಹೊರಪದರಕ್ಕೆ ಬಂದು ನಿಲ್ಲುತ್ತದೆ. ನಡಿಗೆ ನಿಂತ ಮೇಲೂ ಗಂಟೆಗಟ್ಟಲೆ ಆ ಖಂಡಗಳು ಇನ್ಸುಲಿನ್ನಿಗೆ ಚೆನ್ನಾಗಿ ಓಗೊಡುತ್ತವೆ. ಒಂದೆರಡು ದಿನ ಬಿಟ್ಟರೆ ಈ ಗುಣ ಮಾಯ. ತೂಕದ ಯಂತ್ರ ಹೇಳುವುದಕ್ಕಿಂತ ‘ನಿನ್ನೆ ನಡೆದಿರಾ?’ ಎಂಬ ಪ್ರಶ್ನೆ ಮುಖ್ಯವಾಗುವುದು ಅದಕ್ಕೇ.

ಚೀನಾದ ದಾಚಿಂಗ್, ಫಿನ್‌ಲ್ಯಾಂಡ್, ಅಮೆರಿಕದ ದೊಡ್ಡ ಪ್ರಯೋಗಗಳೂ ಹೆಚ್ಚುಕಡಿಮೆ ಇದನ್ನೇ ಹೇಳಿವೆ. ಔಷಧಿ ಯಾವುದೆಂದು ಗೊತ್ತಾಗಿ ಎರಡು ದಶಕ ಆಯಿತು. ಗೊತ್ತಿಲ್ಲದಿರುವುದು, ಅದನ್ನು ದಿನವೂ ತೆಗೆದುಕೊಳ್ಳುವಂತೆ ಮಾಡುವುದು ಹೇಗೆ ಎಂಬುದು. ಪ್ರಯೋಗದ ತಂಡ ಫೋನು ಮಾಡಿ ನೆನಪಿಸುತ್ತದೆ, ಆಹಾರತಜ್ಞೆ ಕೂತು ಮಾತಾಡುತ್ತಾರೆ. ಪ್ರಯೋಗ ಮುಗಿದ ಮೇಲೆ ಬ್ಯಾಂಕ್ ಅಧಿಕಾರಿಯನ್ನು ಕೇಳುವವರು ಯಾರು?

ಈ ಪ್ರಶ್ನೆಗೆ ಅಮೆರಿಕದ ಕಪ್ಪು ಜನರ ಚರ್ಚುಗಳು ಒಂದು ಉತ್ತರ ಕೊಟ್ಟಿವೆ. ಜಾರ್ಜಿಯಾ ರಾಜ್ಯದ ಅಗಸ್ಟಾ ನಗರದ ಸುತ್ತಮುತ್ತ ‘ಫಿಟ್ ಬಾಡಿ ಅಂಡ್ ಸೋಲ್’ ಎಂಬ ಪ್ರಯೋಗ ನಡೆಯಿತು. 20 ಚರ್ಚು, 600ಕ್ಕೂ ಹೆಚ್ಚು ಮಂದಿ. ಪಾಠ ಹೇಳಿದವರು ವೈದ್ಯರಲ್ಲ, ಅದೇ ಸಭೆಯಿಂದ ಆರಿಸಿ ತರಬೇತಿ ಕೊಟ್ಟ ಭಕ್ತರು. ವಾರಕ್ಕೊಂದರಂತೆ ಹನ್ನೆರಡು ತರಗತಿ, ಆಮೇಲೆ ತಿಂಗಳಿಗೊಂದು ಭೇಟಿ. ಪಠ್ಯವನ್ನು ಮೇಲೆ ಹೇಳಿದ ಅಮೆರಿಕದ ಪ್ರಯೋಗದಿಂದಲೇ ಆರಿಸಿ, ಸಭೆಯ ಭಾಷೆಗೆ ಒಗ್ಗಿಸಿದ್ದರು. ವರ್ಷದ ಕೊನೆಗೆ ಇವರ ತೂಕ, ಬರಿಯ ಆರೋಗ್ಯ ಮಾಹಿತಿ ಪಡೆದ ಚರ್ಚುಗಳವರಿಗಿಂತ ಎರಡು-ಮೂರು ಕಿಲೋ ಹೆಚ್ಚು ಇಳಿದಿತ್ತು. ದೊಡ್ಡ ಅಂಕಿಯಲ್ಲ. ಆದರೆ ಆಸ್ಪತ್ರೆಯ ನೆರವಿಲ್ಲದೆ, ಊರವರೇ ಸೇರಿ ಸಾಧಿಸಿದ್ದು ಇದು. ಪ್ರತಿ ವಾರ ಹೇಗೂ ಸೇರುವ ಜನ, ಬಾರದಿದ್ದರೆ ವಿಚಾರಿಸುವ ನೆರೆಯವರು, ನಂಬುವ ಪಾದ್ರಿ: ಇಷ್ಟನ್ನು ಹಣ ಕೊಟ್ಟು ಕಟ್ಟಲು ಯಾವ ಆರೋಗ್ಯ ಇಲಾಖೆಗೂ ಆಗದು.

ಇದೇ ಕಣ್ಣಿನಿಂದ ಚೆನ್ನೈಯ ಅಡ್ಯಾರ್ ಬಡಾವಣೆಯನ್ನೂ ಅದರ ಸುತ್ತಮುತ್ತಲನ್ನೂ ನೋಡಿದರೆ ಎಷ್ಟೊಂದು ಸಲಕರಣೆ ಈಗಾಗಲೇ ಇದೆ! ಗಾಂಧಿನಗರದ ಅನಂತಪದ್ಮನಾಭಸ್ವಾಮಿ ದೇವಸ್ಥಾನ, ಬೆಸೆಂಟ್ ನಗರದ ಕಡಲಂಚಿನ ಅಷ್ಟಲಕ್ಷ್ಮಿ ದೇಗುಲ, ಅದರ ಹತ್ತಿರದಲ್ಲೇ ವೇಳಾಂಗಣಿ ಮಾತೆಯ ಚರ್ಚು, ತಿರುವಾನ್ಮಿಯೂರಿನಲ್ಲಿ ವೈದ್ಯನಾಗಿಯೇ ಪೂಜೆಗೊಳ್ಳುವ ಮರುಂದೀಶ್ವರ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ 8ರವರೆಗಿನ ವೇಳಾಂಗಣಿ ಹಬ್ಬಕ್ಕೆ ಊರಿನ ಮೂಲೆಮೂಲೆಯಿಂದ ಜನ ನಡೆದೇ ಬರುತ್ತಾರೆ. ಹುಣ್ಣಿಮೆಗೆ ತಿರುವಣ್ಣಾಮಲೈಗೆ ಹೋಗಿ 14 ಕಿಲೋಮೀಟರ್ ಗಿರಿಪ್ರದಕ್ಷಿಣೆ ಮಾಡಿಬರುವವರು ಚೆನ್ನೈಯ ಬಡಾವಣೆಗಳಲ್ಲೆಲ್ಲ ಇದ್ದಾರೆ. ದೇಹಕ್ಕೆ ಬೇಕಾದ್ದು ಹುಣ್ಣಿಮೆಯ 14 ಕಿಲೋಮೀಟರಿಗಿಂತ ಮಿಕ್ಕ ದಿನಗಳ ಎರಡು ಮೂರು ಕಿಲೋಮೀಟರ್. ಭಕ್ತಿಗೆ ಅದೂ ಕಷ್ಟವಲ್ಲ. ಸಂಜೆ ಪ್ರಾಕಾರದಲ್ಲಿ ಹನ್ನೊಂದು ಸುತ್ತು ಹಾಕುವ ಹರಕೆಯನ್ನು ನಲವತ್ತೆಂಟು ದಿನ ತಪ್ಪದೆ ನಡೆಸುವವರನ್ನು ಯಾವ ದೇವಸ್ಥಾನದಲ್ಲೂ ಕಾಣಬಹುದು.

ಜಪದ್ದೂ ಒಂದು ಕಥೆಯಿದೆ. 2001ರಲ್ಲಿ ಇಟಲಿಯ ಲೂಚಿಯಾನೊ ಬೆರ್ನಾರ್ಡಿ ಮತ್ತು ಜೊತೆಗಾರರು 23 ಆರೋಗ್ಯವಂತರನ್ನು ಕೂರಿಸಿ, ಲ್ಯಾಟಿನ್ ಭಾಷೆಯ ಜಪಸರ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಓಂ’ ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಆ ಲಯದಲ್ಲಿ ಹೃದಯ ಬಡಿತ ಮತ್ತು ರಕ್ತದೊತ್ತಡ ಒಂದಕ್ಕೊಂದು ಹೊಂದಿಕೊಂಡು, ಒತ್ತಡವನ್ನು ಹದದಲ್ಲಿಡುವ ನರಗಳ ಚುರುಕು ಹೆಚ್ಚಿತು. ಯಾವ ದೇವರ ಹೆಸರು ಎಂಬುದರಿಂದ ವ್ಯತ್ಯಾಸ ಬರಲಿಲ್ಲ. ಕೃಷ್ಣಮಾಚಾರ್ಯರು ಇಷ್ಟದೈವವನ್ನು ಶಿಷ್ಯರಿಗೇ ಬಿಟ್ಟದ್ದು ಇಲ್ಲಿ ನೆನಪಾಗುತ್ತದೆ.

ಉಪವಾಸಕ್ಕೆ ಬಂದಾಗ ಮಾತ್ರ ಎಚ್ಚರ ಬೇಕು. ಚೆನ್ನೈಯ ಮಾಧ್ವ ಮನೆಗಳಲ್ಲಿ ಏಕಾದಶಿ ಇಂದಿಗೂ ಉಳಿದಿದೆ. ನಿಜವಾದ ನಿರಾಹಾರ, ಮರುದಿನ ಬೆಳಿಗ್ಗೆ ಪಾರಣೆ. ಆರೋಗ್ಯವಂತರಿಗೆ ಹದಿನೈದು ದಿನಕ್ಕೊಮ್ಮೆ ಹೊಟ್ಟೆಗೆ ವಿರಾಮ ಕೊಡುವುದರಿಂದ ತೊಂದರೆಯಿಲ್ಲ. ಆದರೆ ಇನ್ನೆಷ್ಟೋ ಮನೆಗಳಲ್ಲಿ ಏಕಾದಶಿಯೆಂದರೆ ಅನ್ನ ಬಿಟ್ಟು ಸಬ್ಬಕ್ಕಿ ಕಿಚಡಿ, ಅವಲಕ್ಕಿ, ರವೆ ಉಪ್ಪಿಟ್ಟು. ರಕ್ತದ ಸಕ್ಕರೆಗೆ ಇವು ಅನ್ನಕ್ಕಿಂತ ಹಗುರವಲ್ಲ. ಸಬ್ಬಕ್ಕಿ ಬಹುಪಾಲು ಬರಿಯ ಪಿಷ್ಟ. ಚಾತುರ್ಮಾಸ್ಯದ ಕೊನೆಯ ತಿಂಗಳ ದ್ವಿದಳ ವ್ರತದಲ್ಲಿ ಬೇಳೆಕಾಳು ಬಿಡಬೇಕು. ಸಸ್ಯಾಹಾರಿ ತಟ್ಟೆಯ ಮುಖ್ಯ ಪ್ರೋಟೀನೇ ಅಲ್ಲಿಲ್ಲವಾಗುವುದರಿಂದ ಆ ತಿಂಗಳು ಹಾಲು ಮೊಸರು ಸಾಕಷ್ಟಿರಬೇಕು, ಅನ್ನ ಆ ಜಾಗವನ್ನು ತುಂಬಬಾರದು. ಸಕ್ಕರೆ ಇಳಿಸುವ ಕೆಲವು ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಕೇಳದೆ ಉಪವಾಸ ಮಾಡಿದರೆ ಸಕ್ಕರೆ ಕುಸಿದು ತಲೆಸುತ್ತಿ ಬೀಳಬಹುದು. ಈ ವಿಷಯದಲ್ಲಿ ರಂಜಾನಿನ ತಯಾರಿ ಎಲ್ಲರಿಗೂ ಮಾದರಿ. ಯಾರು ರೋಜಾ ಇಡಬಹುದು, ಯಾರು ಇಡಕೂಡದು, ಮಾತ್ರೆಯ ಹೊತ್ತನ್ನು ಹೇಗೆ ಬದಲಿಸಬೇಕು ಎಂದು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಮಾರ್ಗಸೂಚಿಯನ್ನೇ ಮಾಡಿದೆ. ಏಕಾದಶಿಗೆ, ಷಷ್ಠಿಗೆ, ಲೆಂಟ್ ಕಾಲದ ಉಪವಾಸಕ್ಕೆ ಅಂಥದ್ದೊಂದು ಕೈಪಿಡಿ ಬಹಳ ಹಿಂದೆಯೇ ಬರಬೇಕಿತ್ತು.

ಇನ್ನು ಪ್ರಸಾದ. ಮಾರ್ಗಳಿ ತಿಂಗಳ ನಸುಕಿನಲ್ಲಿ ದೊನ್ನೆಗೆ ಬೀಳುವ ಬಿಸಿ ವೆಣ್ ಪೊಂಗಲ್ ಹೆಸರುಬೇಳೆ, ಮೆಣಸು, ಜೀರಿಗೆ, ತುಪ್ಪದ ಘಮದಿಂದ ಕೂಡಿದ್ದರೂ ಅದರ ಬಹುಭಾಗ ಪಾಲಿಶ್ ಮಾಡಿದ ಬೆಳ್ಳಕ್ಕಿ. ಚೆನ್ನೈಯಲ್ಲಿ ನಡೆದ ಅಧ್ಯಯನವೊಂದರಲ್ಲಿ ಜನರ ದಿನದ ಶಕ್ತಿಯ ಅರ್ಧದ ಹತ್ತಿರ, ನೂರಕ್ಕೆ 47ರಷ್ಟು, ಪಾಲಿಶ್ ಧಾನ್ಯದಿಂದಲೇ ಬರುತ್ತಿದ್ದದ್ದು ಕಂಡಿತು. ಹಾಗೆ ಹೆಚ್ಚು ತಿನ್ನುವವರಲ್ಲಿ ಮೆಟಬಾಲಿಕ್ ಸಿಂಡ್ರೋಮೂ ಹೆಚ್ಚು. ಡಾ. ಮೋಹನ್ ಅವರ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಧಿಕ ತೂಕದವರಿಗೆ ಬೆಳ್ಳಕ್ಕಿ ಬದಲು ಪಾಲಿಶ್ ಮಾಡದ ಕಂದು ಅಕ್ಕಿ ಬಡಿಸಿದಾಗ ದಿನವಿಡೀ ಸಕ್ಕರೆಯ ಏರಿಕೆ ನೂರಕ್ಕೆ 20ರಷ್ಟು ತಗ್ಗಿತು, ಜೊತೆಗೆ ಕಾಳು ಸೇರಿಸಿದಾಗ 23ರಷ್ಟು. ದೇವಸ್ಥಾನದ ಅಡುಗೆಮನೆಯ ಅಳತೆಯಲ್ಲಿ ಅಕ್ಕಿ ಒಂದು ಪಾಲು ಇಳಿದು ಹೆಸರುಬೇಳೆ ಒಂದು ಪಾಲು ಏರಿದರೆ ಸಾಕು, ನೂರಾರು ಮನೆಗಳ ತಟ್ಟೆಗೆ ಹೇಳಿದ ಹಾಗಾಗುತ್ತದೆ. ಗುಡಿಯಲ್ಲಿ ಕಡಲೆಕಾಳಿನ ಸುಂಡಲ್ ಹೊಸದೇನಲ್ಲ, ನವರಾತ್ರಿಯ ಒಂಬತ್ತು ದಿನವೂ ಅದೇ ನೈವೇದ್ಯ. ಮಸೀದಿಗಳ ನೋಂಬು ಗಂಜಿಗೂ ಇದೇ ತಿದ್ದುಪಡಿ ಹೊಂದುತ್ತದೆ. ಆ ಗಂಜಿಗೆಂದು ತಮಿಳುನಾಡು ಸರ್ಕಾರವೇ ಪ್ರತಿ ರಂಜಾನಿಗೆ ಅಕ್ಕಿ ಕೊಡುತ್ತದೆ.

ಶ್ರದ್ಧೆಯ ಚೌಕಟ್ಟಿನ ಪ್ರಯೋಗಗಳು ಕರ್ನಾಟಕದಲ್ಲೂ ನಡೆದಿವೆ. ಬೆಂಗಳೂರು ಹೊರವಲಯದ ಜಿಗಣಿಯ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಎಚ್.ಆರ್. ನಾಗೇಂದ್ರ ಮತ್ತು ಡಾ. ಆರ್. ನಾಗರತ್ನ ಅವರ ಮುಂದಾಳತ್ವದಲ್ಲಿ 2017ರಲ್ಲಿ ‘ನಿಯಂತ್ರಿತ ಮಧುಮೇಹ ಭಾರತ’ ಅಭಿಯಾನ ನಡೆಯಿತು. ಕಾರ್ಯಕರ್ತರು ಮನೆಮನೆಗೆ ಹೋಗಿ, ಚೆನ್ನೈಯ ಅಪಾಯಾಂಕವನ್ನೇ ಬಳಸಿ, ಅಪಾಯದಲ್ಲಿರುವವರನ್ನು ಗುರುತಿಸಿ ಮೂರು ತಿಂಗಳ ಯೋಗಾಭ್ಯಾಸಕ್ಕೆ ಕರೆತಂದರು. ಸಕ್ಕರೆ, ಕೊಲೆಸ್ಟರಾಲ್ ಎರಡೂ ಸುಧಾರಿಸಿದವೆಂದು ವರದಿಯಾಯಿತು. ಆದರೆ ಮಧುಮೇಹ ತಡೆದಿದೆ ಎನ್ನಲು ಮೂರು ತಿಂಗಳು ಸಾಲದು. ಚೆನ್ನೈಯ ಪ್ರಯೋಗಗಳು ಮೂರು ವರ್ಷ ಕಾದು ನೋಡಿದವು.

ಸೋಲುಗಳನ್ನೂ ಹೇಳದೆ ಈ ವಿಷಯ ಪೂರ್ತಿಯಾಗದು. ಶಿಕಾಗೊ ಸುತ್ತಲಿನ 549 ದಕ್ಷಿಣ ಏಷ್ಯಾದವರಿಗೆ ಅವರ ಊಟ, ಭಾಷೆ, ಸಂಸ್ಕೃತಿಗೆ ಹೊಂದಿಸಿ ನಡೆಸಿದ ‘ಸಹೇಲಿ’ ಪ್ರಯೋಗದಲ್ಲಿ ವರ್ಷದ ಬಳಿಕ ತೂಕ, ಬೀಪಿ, ಸಕ್ಕರೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಭಾರತದ 24 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ ಸುಮಾರು 4,000 ಮಂದಿಯ ಮೇಲೆ ನಡೆದ ‘ಯೋಗ-ಕೇರ್’ ಪ್ರಯೋಗದಲ್ಲಿ ಜನರಿಗೆ ತಮ್ಮ ಆರೋಗ್ಯ ಸುಧಾರಿಸಿದೆ ಅನ್ನಿಸಿತು, ಆದರೆ ಮರು ಆಘಾತ, ಸಾವುಗಳಲ್ಲಿ ಖಚಿತ ಇಳಿಕೆ ಸಿದ್ಧವಾಗಲಿಲ್ಲ. ತರಗತಿಗೆ ತಪ್ಪದೆ ಬಂದವರಲ್ಲಿ ಮಾತ್ರ ಲಾಭ ಕಂಡಿತು. ಇಲ್ಲೊಂದು ತೊಡಕಿದೆ. ತಪ್ಪದೆ ಬರುವವರು ಮೊದಲೇ ಗಟ್ಟಿಮುಟ್ಟಾಗಿರಬಹುದು, ಮಾತ್ರೆಯನ್ನೂ ತಪ್ಪಿಸದವರಾಗಿರಬಹುದು. ‘ದಿನಾ ಗುಡಿಗೆ ಹೋಗುವವರು ಆರೋಗ್ಯವಾಗಿರುತ್ತಾರೆ’ ಎಂಬ ಮಾತನ್ನೂ ಇದೇ ಕಾರಣಕ್ಕೆ ಪುರಾವೆಯೆಂದು ಒಪ್ಪುವಂತಿಲ್ಲ. ಹಾಸಿಗೆ ಹಿಡಿದವರು ಗುಡಿಗೆ ಬರಲಾರರು.

ಸಂಸ್ಕೃತಿಯ ಬಣ್ಣ ಬಳಿದ ಮಾತ್ರಕ್ಕೆ ಕಾರ್ಯಕ್ರಮ ಫಲಿಸುವುದಿಲ್ಲ ಎಂದಾಯಿತು. ಹಾಗಾದರೆ ಬೇಕಾದ್ದೇನು? ಅದಕ್ಕೆ ಧರ್ಮಸ್ಥಳದ ಕಡೆ ನೋಡಬೇಕು. ಸಕ್ಕರೆಗಲ್ಲ, ಮದ್ಯಕ್ಕೆ ಸಂಬಂಧಿಸಿದ ಅನುಭವ ಅಲ್ಲಿನದು. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ 1982ರಲ್ಲಿ ಶುರುವಾದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತವೆ. ಶಿಬಿರಕ್ಕೆ ಮನೆಯವರೂ ಬರುತ್ತಾರೆ, ಊರಿನವರೇ ಊಟದ ಹೊಣೆ ಹೊರುತ್ತಾರೆ. ಭಜನೆ, ದೇವರ ಹೆಸರಿನ ಸಂಕಲ್ಪ ಎಲ್ಲ ಇರುತ್ತದೆ. ಶಿಬಿರ ಮುಗಿದ ಬಳಿಕ ಕುಡಿತ ಬಿಟ್ಟವರೆಲ್ಲ ಸೇರಿ ನವಜೀವನ ಸಮಿತಿ ಮಾಡಿಕೊಂಡು ನಿಯಮಿತವಾಗಿ ಕೂಡುತ್ತಾರೆ. ಶಿಬಿರಕ್ಕಿಂತ ಈ ಸಮಿತಿಯೇ ಮುಖ್ಯ. ಸಂಕಲ್ಪ ಒಂದು ದಿನದ್ದು, ಅದನ್ನು ಕಾಯುವ ಜನ ವರ್ಷವಿಡೀ ಬೇಕು.

ಚೆನ್ನೈಯ ಡಿ-ಕ್ಲಿಪ್ ಪ್ರಯೋಗ ಯಾವ ದೇವರ ಹೆಸರನ್ನೂ ಹೇಳದೆ ಇದನ್ನೇ ತೋರಿಸಿತು. ಅಪಾಯದಲ್ಲಿದ್ದ 578 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಹದಿನಾರು ವಾರ ತರಗತಿ, ಆಮೇಲೆ ಎಂಟು ವಾರ ಅದರ ಮುಂದುವರಿಕೆ. ನಡೆಸಿಕೊಟ್ಟವರಲ್ಲಿ ಅವರ ನಡುವಿನ ಸ್ವಯಂಸೇವಕರೂ ಇದ್ದರು. ನಡಿಗೆ, ಊಟ ಸಾಲದೆಂದು ಕಂಡವರಿಗೆ ನಾಲ್ಕು ತಿಂಗಳ ನಂತರ ಮೆಟ್‌ಫಾರ್ಮಿನ್ ಸೇರಿಸಿದರು, ಹಾಗೆ ಸೇರಿಸಬೇಕಾಗಿ ಬಂದದ್ದು ಹೆಚ್ಚಿನವರಿಗೆ. ಮೂರು ವರ್ಷದಲ್ಲಿ ಮಧುಮೇಹದ ಅಪಾಯ ನೂರಕ್ಕೆ 32ರಷ್ಟು ತಗ್ಗಿತು. ದೇವಸ್ಥಾನದ ಮಂಟಪದಲ್ಲೋ ಚರ್ಚಿನ ಹಾಲ್‌ನಲ್ಲೋ ಇಂಥ ತರಗತಿ ಇಟ್ಟರೂ ಮಾತ್ರೆ ಬೇಕಾದವರಿಗೆ ಮಾತ್ರೆ ಬೇಕೇ ಬೇಕು. ನಂಬಿಕೆಯ ಹೆಸರಿನಲ್ಲಿ ಅದನ್ನು ಬಿಡಿಸುವವರು ಅಪಕಾರ ಮಾಡುತ್ತಾರೆ.

ಅಡ್ಯಾರಿನಲ್ಲಿ ಇಂಥದ್ದನ್ನು ಶುರುಮಾಡಲು ಇನ್ನೊಂದು ಬಲವಾದ ಕಾರಣವಿದೆ. ರಾಮಚಂದ್ರನ್ ಅವರ ಪ್ರಯೋಗಕ್ಕೆ ಜನರನ್ನು ಕಂಡುಕೊಂಡದ್ದು ಬಹುಮಟ್ಟಿಗೆ ಕಚೇರಿ, ಸಂಸ್ಥೆಗಳ ಮೂಲಕ. ಹಾಗಾಗಿ 531 ಮಂದಿಯಲ್ಲಿ ಹೆಂಗಸರು 110 ಮಾತ್ರ. ಮನೆಯ ಅಕ್ಕಿ ಅಳೆಯುವವರು, ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವವರು, ನಡೆಯಲು ಹೊರಗೆ ಹೋಗುವುದೆಂದರೆ ಹತ್ತು ಕಾರಣ ಹೇಳಬೇಕಾದವರು ಲೆಕ್ಕದ ಹೊರಗೇ ಉಳಿದರು. ಶುಕ್ರವಾರ ಸಂಜೆ ಅಷ್ಟಲಕ್ಷ್ಮಿಯ ಸರದಿಯಲ್ಲಿ, ವೇಳಾಂಗಣಿಯ ಶನಿವಾರದ ಜಪಸರದಲ್ಲಿ ಅವರೇ ಹೆಚ್ಚು. ಗುಡಿಗೆ ಹೋಗಿಬರುತ್ತೇನೆ ಎಂದರೆ ಮನೆಯಲ್ಲಿ ಯಾರೂ ತಡೆಯುವುದಿಲ್ಲ.